ಆಕ್ಸಿಮೀಟರ್ 97 ತೋರಿಸ್ತಿದೆ, ಆದ್ರೂ ಊದೋ ಟೆಸ್ಟ್ ಬೇಕೇ ಬೇಕಾ?

ಮೂರನೇಮಹಡಿ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64. ಒಂದು ಮಹಡಿ ಹತ್ತೋದ್ರೊಳಗೆ ಏದುಸಿರು, ಮಧ್ಯೆ ಕಂಬಿ ಹಿಡ್ಕೊಂಡು ನಿಂತು ಸುಧಾರಿಸ್ಕೋತಾರೆ. ಬೆಳಗ್ಗೆ ಎದ್ದ ಕೂಡ್ಲೇ ಕೆಮ್ಮು, ಕಫ. ಸಿಗರೇಟು ಬಿಟ್ಟು ಹತ್ತು ವರ್ಷದ ಮೇಲಾಯ್ತು, ಆದ್ರೆ ಅದಕ್ಕೂ ಮುಂಚೆ ಜಾಸ್ತಿನೇ ಸೇದ್ತಿದ್ರು. ಡಾಕ್ಟ್ರು ಎದೆ ಎಕ್ಸ್‌ರೇ ನೋಡಿ ದೊಡ್ಡದೇನೂ ಕಾಣ್ತಿಲ್ಲ ಅಂದ್ರು, ಆದ್ರೂ ಪಿಎಫ್‌ಟಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಟೆಸ್ಟ್) ಮಾಡಿಸಿ ಅಂತ ಬರೆದುಕೊಟ್ಟಿದ್ದಾರೆ. ಅಪ್ಪ ಒಪ್ತಿಲ್ಲ. ಅವರ ವಾದ ಇಷ್ಟು: ಬೆರಳಿಗೆ ಹಾಕೋ ಆಕ್ಸಿಮೀಟರ್ 97 ತೋರಿಸುತ್ತೆ, ಮೂರು ಚೆಂಡಿನ ಡಬ್ಬಿಯಲ್ಲಿ ಮೂರೂ ಚೆಂಡು ಮೇಲೇಳುತ್ತೆ, ಇನ್ನೆಂಥ ಪರೀಕ್ಷೆ?

ಅಣ್ಣನೂ ಅವರ ಪಕ್ಷವೇ. ಬ್ಲೂಟೂತ್ ಸ್ಪೈರೋಮೀಟರ್ (ಊದಿದ ಗಾಳಿ ಅಳೆಯೋ ಯಂತ್ರ) ತರಿಸೋಣ, ಮನೆಯಲ್ಲೇ ಊದಿ ಮೊಬೈಲಲ್ಲಿ ನೋಡಬಹುದು ಅಂತಾನೆ. ನಿಜವಾಗ್ಲೂ ಆಸ್ಪತ್ರೆ ಟೆಸ್ಟಿಗೂ ಮನೆ ಉಪಕರಣಕ್ಕೂ ಏನು ವ್ಯತ್ಯಾಸ? ಮಾಡಿಸ್ಕೊಂಡವರು ಹೇಳಿ.

ಗಾಳಿಪಟ
97 ಇದ್ರೆ ಚೆನ್ನಾಗೇ ಇದ್ದಾರೆ ಬಿಡಿ. ವಯಸ್ಸಾದವರನ್ನ ಸುಮ್ಮನೆ ಯಾಕೆ ಅಲೆದಾಡಿಸ್ತೀರಾ.

ಊದಿಸೋಳು
ಗಾಳಿಪಟ ಅವರೇ, ಇದೊಂದು ಮಾತಿಂದಲೇ ಎಷ್ಟೋ ಜನ ತಡವಾಗಿ ಬರ್ತಾರೆ. ನನ್ನ ಕೆಲಸವೇ ದಿನಾ ಜನರನ್ನ ಕೂರಿಸಿ ಊದಿಸೋದು (ಪಿಎಫ್‌ಟಿ ಲ್ಯಾಬ್ ಟೆಕ್ನಿಷಿಯನ್), ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಆಕ್ಸಿಮೀಟರ್ ನೋಡೋದು ರಕ್ತದ ಹಿಮೋಗ್ಲೋಬಿನ್ ಎಷ್ಟು ಭಾಗ ಆಮ್ಲಜನಕ ತುಂಬ್ಕೊಂಡಿದೆ ಅನ್ನೋದನ್ನ ಮಾತ್ರ. ಗಾಳಿ ಶ್ವಾಸನಾಳದಲ್ಲಿ ಎಷ್ಟು ಸರಾಗವಾಗಿ ಓಡಾಡ್ತಿದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಶ್ವಾಸಕೋಶದಲ್ಲಿ ಮೀಸಲು ಶಕ್ತಿ ತುಂಬಾ ಇರುತ್ತೆ. ಹೊರಬಿಡೋ ಗಾಳಿ ಸಾಕಷ್ಟು ಕುಗ್ಗಿದವರೂ ಕುರ್ಚಿ ಮೇಲೆ ಆರಾಮಾಗಿ ಕೂತಾಗ 96, 97 ತೋರಿಸ್ತಾರೆ. ಟ್ಯಾಂಕಲ್ಲಿ ಪೆಟ್ರೋಲ್ ಇದೆ ಅಂತ ಮುಳ್ಳು ತೋರಿಸಿದ್ರೆ ಇಂಜಿನ್ ಸರಿಯಿದೆ ಅಂತ ಅರ್ಥ ಅಲ್ವಲ್ಲ. ಎಕ್ಸ್‌ರೇನೂ ಹಾಗೇ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಗಾಳಿ ಹೊರಹೋಗೋದು ಕಷ್ಟವಾಗೋ ದೀರ್ಘಕಾಲದ ಕಾಯಿಲೆ) ಶುರುವಿನಲ್ಲಿ ಎಕ್ಸ್‌ರೇ ಏನೂ ಹೇಳದೇ ಇರಬಹುದು.

ಅಪ್ಪನ ವಯಸ್ಸು, ಹಳೇ ಸಿಗರೇಟು, ಬೆಳಗಿನ ಕಫ, ಮೆಟ್ಟಿಲಲ್ಲಿ ಏದುಸಿರು, ಇಷ್ಟೂ ಸೇರಿದ್ರೆ ಡಾಕ್ಟ್ರಿಗೆ ಮೊದಲು ಹೊಳೆಯೋದು ಸಿಒಪಿಡಿ. ಅದನ್ನ ಖಚಿತ ಮಾಡೋಕೆ ಸ್ಪೈರೋಮೆಟ್ರಿ, ಅಂದ್ರೆ ಪಿಎಫ್‌ಟಿಯಲ್ಲಿ ಊದಿಸೋ ಪರೀಕ್ಷೆ ಬೇಕು. ಪೂರ್ತಿ ಉಸಿರು ಎಳೆದು ಜೋರಾಗಿ ಊದಿದಾಗ ಮೊದಲ ಒಂದು ಸೆಕೆಂಡಲ್ಲಿ ಬಂದ ಗಾಳಿ ಎಫ್‌ಇವಿ1. ಕೊನೇವರೆಗೂ ಊದಿದ ಒಟ್ಟು ಗಾಳಿ ಎಫ್‌ವಿಸಿ. ಶ್ವಾಸನಾಳ ಹಿಗ್ಗಿಸೋ ಔಷಧ ಕೊಟ್ಟ ಮೇಲೂ ಮೊದಲನೇದನ್ನ ಎರಡನೇದರಿಂದ ಭಾಗಿಸಿದ್ರೆ 0.70ಕ್ಕಿಂತ ಕಡಿಮೆ ಬಂತು ಅಂದ್ರೆ ದಾರಿಯಲ್ಲಿ ಅಡಚಣೆ ಇದೆ. ಈ ಲೆಕ್ಕ ಯಾವ ಆಕ್ಸಿಮೀಟರೂ ಕೊಡಲ್ಲ.

ಗಾಳಿಪಟ
ಲ್ಯಾಬಿನವರು ಲ್ಯಾಬ್ ಟೆಸ್ಟ್ ಬೇಡ ಅಂತಾರಾ 😄

ಊದಿಸೋಳು
ನಂಗೆ ಸಂಬಳ, ಕಮಿಷನ್ ಅಲ್ಲ ಸ್ವಾಮಿ.

ವಾರ್ಡ್_ಸಿಸ್ಟರ್
ಮೂರು ಚೆಂಡಿನ ಡಬ್ಬಿ ಬಗ್ಗೆ ಒಂದು ಮಾತು. ಅದು ಅಳತೆಯ ಸಾಧನವೇ ಅಲ್ಲ, ವ್ಯಾಯಾಮದ್ದು. ಎದೆ, ಹೊಟ್ಟೆ ಆಪರೇಷನ್ ಆದವರು ನೋವಿಗೆ ಹೆದರಿ ಮೇಲ್ಮೇಲೆ ಉಸಿರಾಡ್ತಾರೆ, ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತೆ. ಹಾಗಾಗದಿರಲಿ ಅಂತ ಅದನ್ನ ಕೊಡೋದು. ಅದರ ಮೇಲೆ ಸಾಮಾನ್ಯವಾಗಿ 600, 900, 1200 ಅಂತ ಬರೆದಿರುತ್ತೆ ನೋಡಿ, ಒಂದು ಸೆಕೆಂಡಿಗೆ ಅಷ್ಟು ಸಿಸಿ ವೇಗದಲ್ಲಿ ಗಾಳಿ ಎಳೆದ್ರೆ ಆ ಚೆಂಡು ಏಳುತ್ತೆ ಅಂತ ಅರ್ಥ.

ಗಮನಿಸಿ, ಎಳೆದರೆ. ಸಿಒಪಿಡಿಯಲ್ಲಿ, ಅಸ್ತಮಾದಲ್ಲಿ ಮುಖ್ಯ ತೊಂದರೆ ಗಾಳಿ ಹೊರಗೆ ಹೋಗೋದ್ರಲ್ಲಿ. ನಿಮ್ಮ ತಂದೆಯವರು ಮೂರು ಚೆಂಡು ಎತ್ತಿದ್ದಾರೆ ಅಂದ್ರೆ ಎಳೆಯೋ ಶಕ್ತಿ ಚೆನ್ನಾಗಿದೆ. ಅಡಚಣೆ ಇಲ್ಲ ಅಂತ ಅದರಿಂದ ಹೇಳೋಕಾಗಲ್ಲ.

ಪುಟ್ಟಸ್ವಾಮಿ_ಸೈಕಲ್
ಅಯ್ಯೋ, ನಮ್ಮನೇಲಿ ಮಕ್ಕಳು ಅದನ್ನ ಉಲ್ಟಾ ಹಿಡಿದು ಊದಿ ಮೂರೂ ಎದ್ದಿತು ಅಂತ ಕುಣಿದಾಡ್ತಾರೆ.

ಉಬ್ಬಸದ_ಉಮಕ್ಕ
ಎಲ್ಲಾರೂ ಮನಿ ಸಾಧನಾ ಅಂದ್ರ ಆಟಿಗಿ ಅನ್ನೂಹಂಗ ಮಾತಾಡಾಕತ್ತೀರಿ, ಸ್ವಲ್ಪ ತಡೀರಿ. ಸಣ್ಣಾಕಿ ಇದ್ದಾಗಿಂದ ಉಬ್ಬಸ ಐತ್ರಿ ನನಗ. ರಾತ್ರಿ ಮೂರಕ್ಕ ಎದ್ದು ಕುಂಡ್ರೂದು, ಬೆಳಕು ಹರದ ಮ್ಯಾಲ ಒಂದೀಟು ಹಗುರ. ಹಂಗ ಒದ್ದಾಡಿ ಮುಂಜಾನಿ ಹನ್ನೊಂದಕ್ಕ ಆಸ್ಪತ್ರಿಗೆ ಹೋಗಿ ಊದಿದ್ರ ಸ್ಪೈರೋಮೆಟ್ರಿ ನಾರ್ಮಲ್! "ನಿಮಗೇನೂ ಇಲ್ಲ, ಚಿಂತಿ ಬಿಡ್ರಿ" ಅಂತ ಕಳಸಿಬಿಟ್ರು.

ಆಮ್ಯಾಲ ಇನ್ನೊಬ್ಬ ಡಾಕ್ಟರ್ ಪೀಕ್ ಫ್ಲೋ ಮೀಟರ್ (ಎಷ್ಟು ಜೋರ ಊದತೀವಿ ಅಂತ ತೋರಿಸೂ ಸಣ್ಣ ಸಾಧನ) ಕೊಟ್ಟು, ಎರಡು ವಾರ ಮುಂಜಾನಿ ಸಂಜಿ ಊದಿ ಬರಕೊಂಡು ಬರ್ರಿ ಅಂದ್ರು. ಮುಂಜಾನಿ ಅಂಕಿ ಕೆಳಗ, ಸಂಜಿ ಮ್ಯಾಲ, ದಿನಾ ಅದ. ಆ ಹಾಳಿ ನೋಡಿದ ಕೂಡ್ಲೇ ಅಸ್ತಮಾ ಅಂದ್ರು. ಅಸ್ತಮಾ ಅನ್ನೂದು ಬಂದು ಹೋಗೂ ಬ್ಯಾನಿ ನೋಡ್ರಿ. ಆಸ್ಪತ್ರಿಯವರು ಅದನ್ನ ಹಿಡೀಬೇಕಂದ್ರ ಅದು ಬಂದಾಗನ ನಾವು ಅಲ್ಲಿರಬೇಕು. ಮನಿ ಮೀಟರ್ ಯಾವಾಗ್ಲೂ ಕೈಯಾಗ ಇರ್ತದ.

ಊದಿಸೋಳು
ಉಮಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಅಸ್ತಮಾ ಇರೋರಿಗೆ ತೊಂದರೆ ಇಲ್ಲದ ದಿನ ಸ್ಪೈರೋಮೆಟ್ರಿ ನಾರ್ಮಲ್ ಬರೋದು ಮಾಮೂಲು. ಶ್ವಾಸನಾಳಗಳು ಸಾಮಾನ್ಯವಾಗಿ ಬೆಳಗಿನ ಜಾವವೇ ಹೆಚ್ಚು ಬಿಗಿಯಾಗಿರುತ್ತವೆ, ಲ್ಯಾಬ್ ಬಾಗಿಲು ತೆಗೆಯೋದು ಅದೆಲ್ಲ ಮುಗಿದ ಮೇಲೆ. ಅಂತರರಾಷ್ಟ್ರೀಯ ಅಸ್ತಮಾ ಮಾರ್ಗಸೂಚಿ ಜಿನಾ ಪ್ರಕಾರ ಎರಡು ವಾರದ ಪೀಕ್ ಫ್ಲೋದಲ್ಲಿ ದಿನದ ಏರಿಳಿತ ಸರಾಸರಿ 10%ಗಿಂತ ಹೆಚ್ಚಿದ್ರೆ ದೊಡ್ಡವರಲ್ಲಿ ಅದನ್ನ ಅಸ್ತಮಾ ಕಡೆಗಿನ ಸಾಕ್ಷಿ ಅಂತ ಪರಿಗಣಿಸ್ತಾರೆ. ಮಕ್ಕಳಲ್ಲಿ ಆ ಗಡಿ 13%.

ಲ್ಯಾಬಲ್ಲೂ ಇದಕ್ಕೊಂದು ದಾರಿ ಇದೆ. ಶ್ವಾಸನಾಳ ಬಿಗಿ ಮಾಡೋ ಮೆಥಾಕೋಲಿನ್ ಅನ್ನೋದನ್ನ ಸ್ವಲ್ಪ ಸ್ವಲ್ಪವೇ ಹೆಚ್ಚಿಸ್ತಾ ಉಸಿರಲ್ಲಿ ಕೊಟ್ಟು ಎಫ್‌ಇವಿ1 20% ಇಳಿಯುತ್ತಾ ಅಂತ ನೋಡೋದು. ಆದ್ರೆ ಎಲ್ಲ ಕಡೆ ಮಾಡಲ್ಲ, ಪಕ್ಕದಲ್ಲಿ ಔಷಧ ಸಿದ್ಧ ಇಟ್ಟುಕೊಂಡೇ ಮಾಡಬೇಕು.

ಮೂರನೇಮಹಡಿ
ಹಾಗಾದ್ರೆ ಅಪ್ಪನಿಗೂ ಪೀಕ್ ಫ್ಲೋ ಮೀಟರ್ ಸಾಕಾ? ಅದು ಚಿಕ್ಕದು, ಬ್ಯಾಟರಿನೂ ಬೇಡ.

ಊದಿಸೋಳು
ಸಾಲದು. ಪೀಕ್ ಫ್ಲೋ ಅಂದ್ರೆ ಊದಿದ ಗಾಳಿಯ ಗರಿಷ್ಠ ವೇಗ, ಅದು ಬರೋದು ಶುರುವಿನ ಆ ಒಂದು ಕ್ಷಣ. ದೊಡ್ಡ ನಾಳಗಳ ಕಥೆ, ಜೊತೆಗೆ ನೀವೆಷ್ಟು ದಮ್ಮು ಹಾಕಿದ್ರಿ ಅನ್ನೋದರ ಕಥೆ. ಸಿಒಪಿಡಿ ಕಾಡೋದು ಸಣ್ಣ ನಾಳಗಳನ್ನ. ಊದೋಕೆ ಶುರು ಮಾಡಿದ ಮೇಲೆ ಬೇಗ ಸೊರಗಿಹೋಗುತ್ತೆ, ಆದ್ರೆ ಮೊದಲ ರಭಸ ಪರವಾಗಿಲ್ಲ ಅನ್ನೋ ಹಾಗೆ ಇರಬಹುದು. ಪೀಕ್ ಫ್ಲೋ ಚೆನ್ನಾಗಿ ಬಂದ ಮಾತ್ರಕ್ಕೆ ಸಿಒಪಿಡಿ ಇಲ್ಲ ಅನ್ನೋಕಾಗಲ್ಲ. ಕಡಿಮೆ ಬಂದ್ರೂ ಕಾರಣ ಏನು ಅಂತ ಅದು ಹೇಳಲ್ಲ.

ಅಂಕಿಬಡಕ
ಮೇಲೆ ಹೇಳಿದ 0.70 ಬಗ್ಗೆ ಒಂದು ತಕರಾರು. ವಯಸ್ಸಾದಂತೆ ಆ ಅನುಪಾತ ತಾನಾಗೇ ಇಳಿಯುತ್ತೆ. ಎಲ್ಲರಿಗೂ ಒಂದೇ ಗೆರೆ ಎಳೆದ್ರೆ ಮುದುಕರಲ್ಲಿ ಇಲ್ಲದ ಕಾಯಿಲೆ ಕಾಣುತ್ತೆ, ಎಳೆಯರಲ್ಲಿ ಇರೋದು ತಪ್ಪಿಹೋಗುತ್ತೆ. ಅದಕ್ಕೇ ಹಲವರು ವಯಸ್ಸು, ಎತ್ತರ, ಲಿಂಗ ನೋಡಿ ಲೆಕ್ಕ ಹಾಕೋ ಕೆಳಮಿತಿ ಬಳಸ್ತಾರೆ, ಅಂದ್ರೆ ಜೆಡ್ ಸ್ಕೋರ್ (ಸರಾಸರಿಯಿಂದ ಎಷ್ಟು ದೂರ ಅನ್ನೋ ಅಂಕಿ) ಮೈನಸ್ 1.645ಕ್ಕಿಂತ ಕೆಳಗೆ ಇದ್ಯಾ ಅಂತ.

ಊದಿಸೋಳು
ನಿಜ, ಈ ಜಗಳ ಇವತ್ತಿಂದಲ್ಲ. ಸಿಒಪಿಡಿಯ ಅಂತರರಾಷ್ಟ್ರೀಯ ಮಾರ್ಗಸೂಚಿ ಗೋಲ್ಡ್ 0.70ನ್ನೇ ಹಿಡ್ಕೊಂಡಿದೆ, ಶ್ವಾಸಕೋಶ ತಜ್ಞರ ಸಂಘಗಳಾದ ಯುರೋಪಿನ ಇಆರ್‌ಎಸ್ ಮತ್ತು ಅಮೆರಿಕದ ಎಟಿಎಸ್ ಜೆಡ್ ಸ್ಕೋರ್ ಕಡೆ. ನಮ್ಮ ರಿಪೋರ್ಟಲ್ಲಿ ಎರಡೂ ಇರುತ್ತೆ, ತೀರ್ಮಾನ ಡಾಕ್ಟ್ರದು.

ಅಂಕಿಬಡಕ
ಇನ್ನೊಂದು. ಮನೆ ಯಂತ್ರದ ಆ್ಯಪ್ "ನಿಮ್ಮದು 78%" ಅಂತ ತೋರಿಸುತ್ತಲ್ಲ, ಯಾವುದರ 78% ಅಂತ ಯಾರಾದ್ರೂ ಕೇಳಿದ್ದೀರಾ? ನಿಮ್ಮ ವಯಸ್ಸು, ಎತ್ತರ, ಲಿಂಗದ ಆರೋಗ್ಯವಂತರಿಗೆ ಇಷ್ಟಿರಬೇಕು ಅಂತ ಲೆಕ್ಕ ಹಾಕಿದ ಅಂಕಿಯ 78%. ಆ ಲೆಕ್ಕಕ್ಕೆ ಹಿಂದೆ ಯಾವ ಸಮೀಕರಣ ಕೂರಿಸಿದ್ದಾರೆ ಅನ್ನೋದರ ಮೇಲೆ ಅದೇ ಉಸಿರು 78 ಆಗಬಹುದು, 85 ಆಗಬಹುದು. ಜಿಎಲ್‌ಐ ಅನ್ನೋ ಅಂತರರಾಷ್ಟ್ರೀಯ ಗುಂಪಿನ 2012ರ ಸಮೀಕರಣದಲ್ಲಿ ಜನಾಂಗ ಆರಿಸಬೇಕಿತ್ತು. 2023ರಲ್ಲಿ ಎಟಿಎಸ್ ಅದನ್ನ ಬಿಟ್ಟು ಎಲ್ಲರಿಗೂ ಒಂದೇ ಸಮೀಕರಣ ಬಳಸಿ ಅಂತ ಹೇಳ್ತು. ಎತ್ತರ ಬೇರೆ ಜನ ಕಣ್ಣಂದಾಜಲ್ಲಿ ಹಾಕ್ತಾರೆ. ನಾಲ್ಕೈದು ಸೆಂಟಿಮೀಟರ್ ಹೆಚ್ಚು ಹೇಳ್ಕೊಂಡ್ರೆ ಆರೋಗ್ಯವಂತನೂ ಕಾಗದದ ಮೇಲೆ ಸೊರಗ್ತಾನೆ.

ಪುಟ್ಟಸ್ವಾಮಿ_ಸೈಕಲ್
ಮ್ಯಾಟ್ರಿಮೋನಿಯಲ್ಲಿ ಹಾಕಿರೋ ಎತ್ತರ ಅಲ್ಲಿ ಹಾಕಬೇಡಿ ಅಂತ ಅರ್ಥ.

ಬ್ಲೂಟೂತ್_ಭಾವ
ನಾನು ಯಂತ್ರದ ಪರ. ಆಸ್ಪತ್ರೆ ಟೆಸ್ಟ್ ಅಂದ್ರೆ ವರ್ಷಕ್ಕೊಂದು ಫೋಟೋ, ಮನೆಯದು ದಿನಾ ತೆಗೆಯೋ ವಿಡಿಯೋ. ಶ್ವಾಸಕೋಶ ಕಸಿ ಆದವರಿಗೆ ಮನೆಗೇ ಸ್ಪೈರೋಮೀಟರ್ ಕೊಟ್ಟು ದಿನಾ ಊದೋಕೆ ಹೇಳ್ತಾರೆ, ಎಫ್‌ಇವಿ1 ತನ್ನ ಮಾಮೂಲಿಗಿಂತ 10% ಇಳಿದು ಅಲ್ಲೇ ನಿಂತ್ರೆ ತಕ್ಷಣ ಫೋನ್ ಮಾಡಿ ಅಂತ. ದೇಹ ಕಸಿಯನ್ನ ತಿರಸ್ಕರಿಸ್ತಿದೆಯಾ ಅನ್ನೋ ಸುಳಿವು ಅಲ್ಲಿಂದ ಸಿಗುತ್ತೆ. ಅಷ್ಟು ಸೂಕ್ಷ್ಮ ಕೆಲಸಕ್ಕೆ ಮನೆ ಯಂತ್ರ ಸಾಕಾಗುತ್ತೆ, ಮೆಟ್ಟಿಲು ಹತ್ತೋಕೆ ಕಷ್ಟ ಅಂದ್ರೆ ಸಾಕಾಗಲ್ವಾ?

ಅಂಕಿಬಡಕ
ಅವರಿಗೆ ಕಾಯಿಲೆ ಏನು ಅಂತ ಮೊದಲೇ ಗೊತ್ತು ಭಾವ. ಲ್ಯಾಬಲ್ಲಿ ಕೂರಿಸಿ ಊದೋದು ಕಲಿಸಿರ್ತಾರೆ, ಮನೆ ಯಂತ್ರದ ಅಂಕಿಯನ್ನ ಲ್ಯಾಬ್ ಅಂಕಿ ಜೊತೆ ತಾಳೆ ನೋಡಿರ್ತಾರೆ, ಆಚೆ ಕಡೆ ಫೋನ್ ಎತ್ತೋಕೆ ಒಬ್ಬರು ಇರ್ತಾರೆ. ಪ್ರಶ್ನೆ ಕೇಳಿದವರ ತಂದೆಗೆ ಇದರಲ್ಲಿ ಒಂದೂ ಇಲ್ಲ.

ದಿನಾ ಅಳೆದ್ರೆ ಒಳ್ಳೇದಾಗುತ್ತೆ ಅನ್ನೋದೂ ಅಷ್ಟು ನೇರ ಇಲ್ಲ. ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟೋ ಹುಟ್ಟಿನಿಂದ ಬರೋ ಕಾಯಿಲೆ) ಇರೋರ ಮೇಲೆ ಅಮೆರಿಕದಲ್ಲಿ ಇ-ಐಸ್ ಅಂತ ಒಂದು ಪ್ರಯೋಗ ಆಯ್ತು, 2017ರಲ್ಲಿ ಫಲಿತಾಂಶ ಬಂತು. ಮನೆಯಲ್ಲಿ ಊದಿದವರಲ್ಲಿ ಉಲ್ಬಣ ಹೆಚ್ಚು ಪತ್ತೆಯಾಯ್ತು, ಆದ್ರೆ ವರ್ಷದ ಕೊನೆಗೆ ಶ್ವಾಸಕೋಶದ ಬಲದಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಲಾಭ ಕಾಣಲಿಲ್ಲ. ಇನ್ನೊಂದು, ಶ್ವಾಸಕೋಶ ಗಟ್ಟಿಯಾಗೋ ಫೈಬ್ರೋಸಿಸ್ ಕಾಯಿಲೆಗೆ ಪಿರ್ಫೆನಿಡೋನ್ ಅನ್ನೋ ಔಷಧದ ಪ್ರಯೋಗ. ದಿನಾ ಮನೆಯಲ್ಲಿ ಊದಿದ ಅಂಕಿಯನ್ನೇ ಮುಖ್ಯ ಅಳತೆ ಅಂತ ಇಟ್ಕೊಂಡಿದ್ರು. ಅಂಕಿಗಳು ಎಷ್ಟು ಎಗರಾಡಿದ್ವು ಅಂದ್ರೆ ಅಂದ್ಕೊಂಡ ರೀತಿ ಲೆಕ್ಕ ಹಾಕೋಕೇ ಆಗಲಿಲ್ಲ. ಆಸ್ಪತ್ರೆಯಲ್ಲಿ ಮಾಡಿದ ಅಳತೆಗಳೇ ಕೈ ಹಿಡಿದಿದ್ದು.

ಬ್ಲೂಟೂತ್_ಭಾವ
ಉಲ್ಬಣ ಬೇಗ ಗೊತ್ತಾಗೋದೇ ಲಾಭ ಅಲ್ವಾ! ನಿಮಗೆ ಎಲ್ಲದಕ್ಕೂ ಪ್ರಯೋಗದ ಸರ್ಟಿಫಿಕೇಟ್ ಬೇಕು.

ಅಂಕಿಬಡಕ
ಗೊತ್ತಾಗಿ ಏನು ಮಾಡ್ತೀರಿ ಅನ್ನೋದು ಪ್ರಶ್ನೆ. ಆ್ಯಪಲ್ಲಿ ಗ್ರಾಫ್ ಕೆಂಪಾಯ್ತು, ಆಮೇಲೆ?

ಉಬ್ಬಸದ_ಉಮಕ್ಕ
ಆಮ್ಯಾಲ ಏನ್ಮಾಡಬೇಕು ಅನ್ನೂದು ಹಾಳಿ ಮ್ಯಾಲ ಮೊದಲ ಬರದಿಟ್ಟಿರಬೇಕ್ರಿ. ನನ್ನ ಕಡೆ ಐತಿ. ಆರಾಮ ಇದ್ದ ದಿನಗಳಾಗ ಊದಿದ್ದರಾಗ ಮ್ಯಾಲಿನ ಅಂಕಿ ನನ್ನ "ಬೆಸ್ಟ್". ಅದರ 80%ಕ್ಕಿಂತ ಮ್ಯಾಲಿದ್ರ ಹಸರು, ಮಾಮೂಲಿ ಔಷಧ. 50ರಿಂದ 80ರ ನಡುವ ಹಳದಿ, ಡಾಕ್ಟರ್ ಬರದುಕೊಟ್ಟಂಗ ಇನ್‌ಹೇಲರ್ ಹೆಚ್ಚ ಮಾಡೂದು. 50%ಕ್ಕಿಂತ ಕೆಳಗ ಕೆಂಪ, ಇನ್‌ಹೇಲರ್ ತಗೊಂಡು ನೇರ ಆಸ್ಪತ್ರಿ. ಬಾಜೂಮನಿಯವರ ಅಂಕಿ ನಮಗ ನಡಿಯಂಗಿಲ್ಲ, ನಮ್ಮ ಬೆಸ್ಟ್ ನಮಗ.

ಅವಸರದ_ಅನು
ಉಮಕ್ಕ, ಊದುವಾಗ ಮೂರು ಸಲ ಮೂರು ಅಂಕಿ ಬರುತ್ತೆ. ಸರಾಸರಿ ತಗೊಳ್ಳೋದಾ?

ಉಬ್ಬಸದ_ಉಮಕ್ಕ
ಇಲ್ಲವಾ, ಮೂರರಾಗ ಹೆಚ್ಚಿಂದು. ನಿಂತ ಊದಿದ್ರ ದಿನಾ ನಿಂತ ಊದು. ಮುಳ್ಳು ಸೊನ್ನಿಗೆ ತರೂದು ಮರೀಬ್ಯಾಡ. ಮುಂಜಾನಿ ಇನ್‌ಹೇಲರ್ ತಗೊಳ್ಳೂಕಿಂತ ಮೊದಲ ಊದು, ಇಲ್ಲಾಂದ್ರ ಅದು ಔಷಧದ ಅಂಕಿ ಆಗ್ತದ, ನಿನ್ನ ಅಂಕಿ ಅಲ್ಲ.

ಊದಿಸೋಳು
ಜೊತೆಗೆ, ಉಗುಳೋ ಹಾಗೆ ಊದಬೇಡಿ. ನಾಲಿಗೆಯಿಂದ ತೂತು ಮುಚ್ಚಿ "ಥೂ" ಅಂತ ಒಮ್ಮೆಲೇ ಬಿಟ್ರೆ ಮುಳ್ಳು ಎಲ್ಲಿಗೋ ಹಾರುತ್ತೆ, ಅದು ಬಾಯಿಯೊಳಗಿನ ಒತ್ತಡ, ಶ್ವಾಸಕೋಶದ್ದಲ್ಲ. ಕೆಮ್ಮಿದ್ರೂ ಹಾಗೇ. ಹುಡುಗರು ಇದನ್ನ ಬೇಗ ಕಂಡುಹಿಡೀತಾರೆ. ಒಬ್ಬ ಹುಡುಗ ಕ್ರಿಕೆಟ್ ಟೀಮಿಂದ ತೆಗೀತಾರೆ ಅಂತ ಹೆದರಿ ದಿನಾ ಹೀಗೆ ಊದಿ ಡೈರಿ ತುಂಬಾ ಹಸಿರು ತುಂಬಿಸಿದ್ದ. ಎದುರಿಗೆ ಕೂರಿಸಿ ಊದಿಸಿದಾಗ ಅವನಮ್ಮನ ಮುಖ ನೋಡಬೇಕಿತ್ತು. ಮನೆ ಯಂತ್ರದ ದೊಡ್ಡ ಕೊರತೆ ಇದೇ: ನೀವು ಹೇಗೆ ಊದಿದ್ರಿ ಅಂತ ನೋಡೋರು ಪಕ್ಕದಲ್ಲಿ ಇಲ್ಲ.

ಹಳೇಪುಸ್ತಕ
ಪೀಕ್ ಫ್ಲೋ ಮೀಟರ್ ಕಂಡುಹಿಡಿದವರು ಬ್ರಿಟನ್ನಿನ ಮಾರ್ಟಿನ್ ರೈಟ್, 1950ರ ದಶಕದ ಕೊನೆಗೆ. ಕುಡಿದು ಗಾಡಿ ಓಡಿಸೋರನ್ನ ಊದಿಸ್ತಾರಲ್ಲ, ಆ ಬಗೆಯ ಸಾಧನದ ಹಿಂದೆಯೂ ಅವರ ಕೈ ಇದೆ. ಮೊದಲನೇದು ದೊಡ್ಡ ತಟ್ಟೆ ಥರ ಇತ್ತು, ಕೈಯಲ್ಲಿ ಹಿಡಿಯೋ ಮಿನಿ ರೈಟ್ 70ರ ದಶಕದ್ದು. ಸ್ಪೈರೋಮೀಟರ್ ಇನ್ನೂ ಹಳೇದು. 1846ರಲ್ಲಿ ಲಂಡನ್ನಿನ ಜಾನ್ ಹಚಿನ್ಸನ್ ನೀರಿನ ಮೇಲೆ ತೇಲೋ ಗಂಟೆಯಾಕಾರದ ಪಾತ್ರೆಯೊಳಗೆ ಜನರಿಂದ ಊದಿಸಿ, 2000ಕ್ಕೂ ಹೆಚ್ಚು ಮಂದಿಯನ್ನ ಅಳೆದು, ಎತ್ತರ ಹೆಚ್ಚಿದಷ್ಟೂ ಗಾಳಿ ಹೆಚ್ಚು ಅಂತ ತೋರಿಸಿಕೊಟ್ಟ.

ಪುಟ್ಟಸ್ವಾಮಿ_ಸೈಕಲ್
ನಮ್ಮ ಎತ್ತರದ ಮೇಲೆ ಈ ಥ್ರೆಡ್ಡಿಗೆ ಅದೇನು ಕಣ್ಣೋ.

ಹಳೇಪುಸ್ತಕ
ಹಳೇ ಮೀಟರ್ ಮನೇಲಿ ಇರೋರಿಗೆ: ಅದರ ಸ್ಕೇಲ್ ನೋಡಿ. ರೈಟ್ ಸ್ಕೇಲ್ ಅಂತ ಒಂದು, ಇಯು ಸ್ಕೇಲ್ ಅಂತ ಇನ್ನೊಂದು. ಬ್ರಿಟನ್ 2004ರಲ್ಲಿ ಇಯುಗೆ ಬದಲಾಯಿಸ್ತು. ಅದೇ ಉಸಿರಿಗೆ ಎರಡರಲ್ಲಿ ಬೇರೆ ಬೇರೆ ಅಂಕಿ ಬರುತ್ತೆ. ಹಳೇ ಮೀಟರಿನ ಬೆಸ್ಟ್ ಇಟ್ಕೊಂಡು ಹೊಸದರಲ್ಲಿ ಊದಿ ಗಾಬರಿ ಬೀಳಬೇಡಿ.

ಕೊಳಲಿನ_ಕಿಟ್ಟಣ್ಣ
ಸ್ವಲ್ಪ ದಾರಿ ತಪ್ಪಿಸ್ತೇನೆ ಮಾರಾಯ್ರೆ. ನಾನು ಕೊಳಲು ನುಡಿಸುವವ. ನಮ್ಮಂಥವರ ಶ್ವಾಸಕೋಶ ದೊಡ್ಡದಿರ್ತದೆ ಅಂತ ಎಲ್ಲರೂ ಹೇಳ್ತಾರೆ. ನಿಜವಾ?

ಊದಿಸೋಳು
ಕಿಟ್ಟಣ್ಣ, ಶ್ವಾಸಕೋಶದ ಅಳತೆ ಬಹುಪಾಲು ಎತ್ತರ, ವಯಸ್ಸು, ಲಿಂಗದ ಮೇಲೇ ನಿಂತಿರೋದು. ನಿಮಗೆ ಅಭ್ಯಾಸದಿಂದ ಬಂದಿರೋದು ಹಿಡಿತ. ಉಸಿರನ್ನ ಹದವಾಗಿ ಬಿಡೋಕೆ ಬರುತ್ತೆ. ಆದ್ರೆ ಒಂದು ಹೇಳ್ಲಾ? ನಿಮ್ಮಂಥವರೇ ನಮ್ಮ ಟೆಸ್ಟಲ್ಲಿ ಕಷ್ಟ ಕೊಡೋದು. ಸಿಡಿಸಿ ಊದಿ ಅಂದ್ರೆ ನಯವಾಗಿ ಬಿಡ್ತೀರಾ!

ಕೊಳಲಿನ_ಕಿಟ್ಟಣ್ಣ
ಹೌದು ಹೌದು, ನನಗೆ ಹಾಗೇ ಬೈದಿದ್ದರು 😂

ಗಾಳಿಪಟ
ಇಷ್ಟೆಲ್ಲ ಯಾಕೆ, ಹತ್ತು ಸೆಕೆಂಡ್ ಉಸಿರು ಹಿಡಿದು ನೋಡಿ, ಕೆಮ್ಮು ಬರದಿದ್ರೆ ಶ್ವಾಸಕೋಶ ಚೆನ್ನಾಗಿದೆ ಅಂತ ಅರ್ಥ. ಕೊರೊನಾ ಟೈಮಲ್ಲಿ ಎಲ್ಲರಿಗೂ ಬಂದಿತ್ತು ಈ ಮೆಸೇಜು.

ವಾರ್ಡ್_ಸಿಸ್ಟರ್
ಬಂದಿತ್ತು, ಸುಳ್ಳು ಅಂತ 2020ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಕೋವಿಡ್ ಇದ್ದ ಎಳೆಯರು ಆರಾಮಾಗಿ ಹಿಡೀತಿದ್ರು, ಏನೂ ಇಲ್ಲದ ವಯಸ್ಸಾದವರಿಗೆ ಆಗ್ತಿರಲಿಲ್ಲ.

ಉಪಕರಣ ಇಲ್ಲದೆ ನೋಡ್ಲೇಬೇಕು ಅಂದ್ರೆ ಉಸಿರು ಎಣಿಸಿ. ಅವರಿಗೆ ಗೊತ್ತಾಗದ ಹಾಗೆ ಪೂರ್ತಿ ಒಂದು ನಿಮಿಷ, ಎದೆ ಏಳೋದನ್ನ. ಸುಮ್ಮನೆ ಕೂತ ದೊಡ್ಡವರಲ್ಲಿ 12ರಿಂದ 20 ಸಾಮಾನ್ಯ. 25 ದಾಟಿದ್ರೆ ಸುಮ್ಮನಿರಬೇಡಿ. ಒಂದು ವಾಕ್ಯ ಪೂರ್ತಿ ಮಾಡೋಕಾಗದೆ ನಡುವೆ ಉಸಿರೆಳೀತಿದ್ರೆ, ತುಟಿ ನೀಲಿ ಆದ್ರೆ, ಮಂಪರು ಬಂದ್ರೆ ಯಾವ ಮೀಟರೂ ನೋಡ್ತಾ ಕೂರಬೇಡಿ, ಹೊರಡಿ. ಅಸ್ತಮಾ ಜೋರಾಗಿ ಬಂದಾಗಲೂ ಶುರುವಲ್ಲಿ ಆಕ್ಸಿಮೀಟರ್ ಚೆನ್ನಾಗೇ ತೋರಿಸ್ತಿರುತ್ತೆ, ಅದು ಇಳಿಯೋ ಹೊತ್ತಿಗೆ ಬಹಳ ದೂರ ಹೋಗಿರುತ್ತೆ.

ಅವಸರದ_ಅನು
ಅಂದ್ರೆ ಆಕ್ಸಿಮೀಟರ್ ಎಸೆಯೋದಾ?

ವಾರ್ಡ್_ಸಿಸ್ಟರ್
ಎಸೀಬೇಡಿ, ಅದಕ್ಕೆ ಅದರ ಜಾಗ ಇದೆ. ನ್ಯುಮೋನಿಯಾ ಬಂದವರಲ್ಲಿ, ಮನೇಲಿ ಆಮ್ಲಜನಕ ತಗೊಳ್ಳೋರಲ್ಲಿ ಉಪಯೋಗವೇ. ಆದ್ರೆ ಎರಡು ಮೂರು ಅಂಕಿ ಆಚೀಚೆ ಆಗೋದು ಮಾಮೂಲು. ಕೈ ತಣ್ಣಗಿದ್ರೆ, ಉಗುರಿಗೆ ಬಣ್ಣ ಇದ್ರೆ, ಕೈ ಅಲ್ಲಾಡಿದ್ರೆ ಇನ್ನೂ ತಪ್ಪು. ಅಮೆರಿಕದಲ್ಲಿ 2020ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಆಮ್ಲಜನಕ ನಿಜಕ್ಕೂ ಕಡಿಮೆ ಇದ್ದೂ ಆಕ್ಸಿಮೀಟರ್ ಚೆನ್ನಾಗಿ ತೋರಿಸಿದ ಪ್ರಮಾಣ ಬಿಳಿಯರಿಗಿಂತ ಕಪ್ಪು ವರ್ಣದವರಲ್ಲಿ ಸುಮಾರು ಮೂರು ಪಟ್ಟು ಇತ್ತು. ಚರ್ಮದ ಬಣ್ಣ ಗಾಢ ಇದ್ದಷ್ಟೂ ಯಂತ್ರ ಹೆಚ್ಚು ಹೇಳೋ ಸಾಧ್ಯತೆ ಇದೆ. ಬೆಂಕಿ ಹೊಗೆ ಕುಡಿದವರಲ್ಲಂತೂ ಅದನ್ನ ನಂಬಲೇಬೇಡಿ, ಕಾರ್ಬನ್ ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಆಮ್ಲಜನಕ ಅಂದ್ಕೊಂಡು 98 ತೋರಿಸಬಹುದು.

ತಂಗಿ_ಬರೀತಾಳೆ
ನಾನು ಬೇರೆ ಕಡೆಯಿಂದ ಹೇಳ್ತೀನಿ. ನಮ್ಮಕ್ಕನಿಗೆ ಶ್ವಾಸಕೋಶದ ಫೈಬ್ರೋಸಿಸ್. ಶ್ವಾಸಕೋಶ ಗಟ್ಟಿಯಾಗ್ತಾ ಕುಗ್ಗೋ ಕಾಯಿಲೆ. ಅವಳಿಗೆ ಪೀಕ್ ಫ್ಲೋ ಚೆನ್ನಾಗೇ ಬರ್ತಿತ್ತು. ಎಫ್‌ಇವಿ1, ಎಫ್‌ವಿಸಿ ಎರಡೂ ಜೊತೆಜೊತೆಗೆ ಇಳಿಯೋದ್ರಿಂದ ಮೇಲೆ ಹೇಳಿದ ಅನುಪಾತವೂ ಸರಿಯಾಗೇ ಕಾಣುತ್ತೆ. ಕೂತಲ್ಲಿ ಆಕ್ಸಿಮೀಟರ್ 96. ಮನೆಯಲ್ಲಿದ್ದ ಎಲ್ಲ ಉಪಕರಣವೂ ಏನೂ ಇಲ್ಲ ಅಂತಿದ್ವು. ಅವಳಿಗೆ ಮಾತ್ರ ನೀರು ತುಂಬಿದ ಬಕೆಟ್ ಎತ್ತೋಕಾಗ್ತಿರಲಿಲ್ಲ.

ಕೊನೆಗೆ ಹಿಡಿದದ್ದು ಡಿಎಲ್‌ಸಿಒ ಅನ್ನೋ ಪರೀಕ್ಷೆ. ಅತಿ ಸಣ್ಣ ಪ್ರಮಾಣದ ಕಾರ್ಬನ್ ಮೊನಾಕ್ಸೈಡ್ ಬೆರೆಸಿದ ಗಾಳಿ ಒಂದು ಗುಟುಕು ಎಳೆದು, ಸುಮಾರು ಹತ್ತು ಸೆಕೆಂಡ್ ಹಿಡಿದು ಬಿಡೋದು. ಎಷ್ಟು ರಕ್ತಕ್ಕೆ ದಾಟಿತು ಅಂತ ಲೆಕ್ಕ ಹಾಕ್ತಾರೆ. ಅದು ತುಂಬಾ ಕಡಿಮೆ ಬಂತು. ಆಮೇಲೆ ಗಾಜಿನ ಕೋಣೆಯಂಥ ಪೆಟ್ಟಿಗೆಯೊಳಗೆ ಕೂರಿಸಿ ಶ್ವಾಸಕೋಶದ ಒಟ್ಟು ಗಾತ್ರ ಅಳೆದ್ರು, ಸಿಟಿ ಸ್ಕ್ಯಾನ್ ಮಾಡಿದ್ರು. ಇದ್ಯಾವುದೂ ಮನೇಲಿ ಆಗೋ ಕೆಲಸ ಅಲ್ಲ.

ಈಗ ಮನೇಲಿ ನಾವು ಮಾಡೋದು ಒಂದೇ, ಆಕ್ಸಿಮೀಟರ್ ಹಾಕ್ಕೊಂಡು ಆರು ನಿಮಿಷ ನಡೆಯೋದು. ಕೂತಾಗ 96 ಇದ್ದದ್ದು ನಡೆದಾಗ 88ಕ್ಕೆ ಇಳಿಯುತ್ತೆ. ಭಾವ ಅವರೇ, ಅವಳ ಡಾಕ್ಟ್ರು ಮನೆ ಅಂಕಿ ಕೇಳ್ತಾರೆ, ಬೇಡ ಅನ್ನಲ್ಲ. ಆದ್ರೆ ಕಾಯಿಲೆ ಪತ್ತೆ ಆದ ಮೇಲೆ.

ಬ್ಲೂಟೂತ್_ಭಾವ
ಅಕ್ಕನಿಗೆ ಒಳ್ಳೇದಾಗ್ಲಿ ತಂಗಿ. ಪತ್ತೆಗೆ ಲ್ಯಾಬ್ ಅಂತ ಇಟ್ಕೊಳ್ಳೋಣ, ನಂದೇನೂ ಹಠ ಇಲ್ಲ. ಆದ್ರೆ ಮನೆ ಅಂಕಿ ತಗೊಂಡು ಹೋದ್ರೆ ತಿರುಗಿಯೂ ನೋಡದ ಡಾಕ್ಟ್ರುಗಳೂ ಇದ್ದಾರೆ, ಅದಕ್ಕೆ ನನ್ನ ಸಿಟ್ಟು.

ಅಂಕಿಬಡಕ
ಅದಕ್ಕೆ ನಾನೂ ಸಹಿ ಹಾಕ್ತೀನಿ. ಅಂಕಿಯ ಜೊತೆ ಯಾವ ಹೊತ್ತು, ಇನ್‌ಹೇಲರ್‌ಗೆ ಮೊದಲೋ ಆಮೇಲೋ, ಆ ದಿನ ನೆಗಡಿ ಇತ್ತಾ ಅಂತ ಬರೆದು ಕೊಡಿ. ಮೊಬೈಲ್ ಕೈಗೆ ಕೊಟ್ಟು ಸ್ಕ್ರೋಲ್ ಮಾಡಿ ಅಂದ್ರೆ ಯಾರೂ ನೋಡಲ್ಲ.

ಮೂರನೇಮಹಡಿ
ಅಪ್ಪನಿಗೆ ಈ ಥ್ರೆಡ್ ಓದಿ ಹೇಳಿದೆ. ಚೆಂಡಿನ ವಿಷಯ ಕೇಳಿ ಸ್ವಲ್ಪ ಬೇಜಾರಾದ್ರು, ಟೆಸ್ಟಿಗೆ ಬರ್ತೀನಿ ಅಂದಿದ್ದಾರೆ. ಅಲ್ಲಿ ಏನೇನು ಮಾಡಿಸ್ತಾರೆ? ಅವರಿಗೆ ಈಗಾಗ್ಲೇ ಎರಡು ಇನ್‌ಹೇಲರ್ ಕೊಟ್ಟಿದ್ದಾರೆ, ಅವತ್ತು ತಗೋಬಹುದಾ? ಹಲ್ಲಿನ ಸೆಟ್ ಬೇರೆ ಇದೆ.

ಊದಿಸೋಳು
ಹಲ್ಲಿನ ಸೆಟ್ ಬಿಗಿಯಾಗಿ ಕೂರೋದಾದ್ರೆ ಹಾಕ್ಕೊಂಡೇ ಬರಲಿ, ಕೊಳವೆ ಸುತ್ತ ತುಟಿ ಚೆನ್ನಾಗಿ ಕೂರುತ್ತೆ. ಬಿಗಿ ಬಟ್ಟೆ ಬೇಡ. ಒಂದು ಗಂಟೆ ಮುಂಚಿನಿಂದ ಜೋರು ನಡಿಗೆ, ವ್ಯಾಯಾಮ ಬೇಡ.

ಇನ್‌ಹೇಲರ್: ಸಾಲ್ಬುಟಮಾಲ್ ಥರ ತಕ್ಷಣ ಕೆಲಸ ಮಾಡೋದನ್ನ 4ರಿಂದ 6 ಗಂಟೆ ಮುಂಚೆ ನಿಲ್ಲಿಸೋಕೆ ಹೇಳ್ತಾರೆ. ದಿನವಿಡೀ ಕೆಲಸ ಮಾಡೋದು ಬಗೆ ನೋಡಿ 24ರಿಂದ 48 ಗಂಟೆ. ಆದ್ರೆ ಇದನ್ನ ಬರೆದುಕೊಟ್ಟ ಡಾಕ್ಟ್ರನ್ನ ಕೇಳಿಯೇ ಮಾಡಿ. ನಿಲ್ಲಿಸಿದ ಮೇಲೆ ಉಸಿರು ಕಟ್ಟಿದ್ರೆ ತಗೊಂಡುಬಿಡಿ, ತಗೊಂಡಿದ್ದೇವೆ ಅಂತ ನಮಗೆ ಹೇಳಿದ್ರಾಯ್ತು. ಇತ್ತೀಚೆಗೆ ಕಣ್ಣಿನ ಆಪರೇಷನ್, ಹೃದಯಾಘಾತ, ಎದೆ ಅಥವಾ ಹೊಟ್ಟೆ ಶಸ್ತ್ರಚಿಕಿತ್ಸೆ ಆಗಿದ್ರೆ ಮೊದಲೇ ತಿಳಿಸಿ. ಊದುವಾಗ ಒಳಗಿನ ಒತ್ತಡ ತುಂಬಾ ಏರುತ್ತೆ, ಟೆಸ್ಟ್ ಮುಂದೂಡಬೇಕಾಗಬಹುದು. ಕಫದಲ್ಲಿ ರಕ್ತ, ಕ್ಷಯದ ಅನುಮಾನ ಇದ್ರೂ ಅಷ್ಟೇ.

ಒಳಗೆ ಹೋದ್ರೆ ಮೂಗಿಗೆ ಕ್ಲಿಪ್ಪು, ಬಾಯಿಗೆ ಕೊಳವೆ. ಪೂರ್ತಿ ಎಳೀರಿ, ಸಿಡಿಸಿ ಊದಿ, ಊದ್ತಾ ಇರಿ ಊದ್ತಾ ಇರಿ ಊದ್ತಾ ಇರಿ ಅಂತ ನಮ್ಮಂಥೋರು ಕಿರುಚ್ತೀವಿ. ಅದು ಬೈಗುಳ ಅಲ್ಲ ಅಂತ ಅಪ್ಪನಿಗೆ ಮೊದಲೇ ಹೇಳಿಟ್ಟಿರಿ. ನಿಯಮದ ಪ್ರಕಾರ ಸರಿಯಾದ ಊದು ಮೂರು ಸಿಗಬೇಕು, ಅದರಲ್ಲಿ ಮೇಲಿನ ಎರಡರ ನಡುವೆ 150 ಮಿಲಿಲೀಟರಿಗಿಂತ ಹೆಚ್ಚು ಅಂತರ ಇರಬಾರದು. ದೊಡ್ಡವರಿಗೆ ಸಾಮಾನ್ಯವಾಗಿ ಎಂಟಕ್ಕಿಂತ ಹೆಚ್ಚು ಸಲ ಊದಿಸಲ್ಲ. ಆಮೇಲೆ ಇನ್‌ಹೇಲರ್ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಅದೇ. ತಲೆ ಸುತ್ತಿದ ಹಾಗೆ ಆಗೋದು ಇದೆ, ಕೂತೇ ಮಾಡಿಸ್ತೀವಿ. ಯಂತ್ರವನ್ನೂ ದಿನಾ ಬೆಳಗ್ಗೆ 3 ಲೀಟರ್ ಸಿರಿಂಜಿನಿಂದ ಗಾಳಿ ತಳ್ಳಿ ಪರೀಕ್ಷೆ ಮಾಡಿರ್ತೀವಿ. ಅಂಥದ್ದೊಂದು ಸಿರಿಂಜು ಯಾರ ಮನೇಲೂ ಇರಲ್ಲ.

ಗಾಳಿಪಟ
ಸಿಗರೇಟು ಬಿಟ್ಟು ಹತ್ತು ವರ್ಷ ಆದ್ಮೇಲೆ ಈಗ ಪತ್ತೆ ಮಾಡಿ ಏನು ಪ್ರಯೋಜನ? ಹೋದ ಶ್ವಾಸಕೋಶ ವಾಪಸ್ ಬರುತ್ತಾ?

ಹಳೇಪುಸ್ತಕ
ಹೋದದ್ದು ಬರಲ್ಲ, ಇರೋದು ಉಳಿಯುತ್ತೆ. 1977ರಲ್ಲಿ ಫ್ಲೆಚರ್ ಮತ್ತು ಪೀಟೊ ಅಂತ ಇಬ್ಬರು ಬ್ರಿಟಿಷ್ ಸಂಶೋಧಕರು ತೋರಿಸಿದ್ದು ಇದನ್ನೇ: ಬಿಟ್ಟ ಮೇಲೆ ಇಳಿಕೆಯ ವೇಗ ಸೇದದವರ ಹತ್ತಿರಕ್ಕೆ ಬರುತ್ತೆ. ಯಾರಿಗಾದ್ರೂ ಇಪ್ಪತ್ತೈದು ದಾಟಿದ ಮೇಲೆ ವರ್ಷಕ್ಕೆ 25ರಿಂದ 30 ಮಿಲಿಲೀಟರ್ ಎಫ್‌ಇವಿ1 ಇಳೀತಾ ಹೋಗೋದು ಸಹಜ, ಸಿಗರೇಟು ಅದನ್ನ ಜೋರು ಮಾಡುತ್ತೆ. ಸೇದೋರಿಗೆ ಅಂಕಿ ಬದಲು "ನಿಮ್ಮ ಶ್ವಾಸಕೋಶದ ವಯಸ್ಸು ಇಷ್ಟು" ಅಂತ ಹೇಳಿದ ಪ್ರಯೋಗವೂ ಬ್ರಿಟನ್ನಿನಲ್ಲಿ ಆಗಿದೆ, 2008ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ವಯಸ್ಸು ಕೇಳಿಸ್ಕೊಂಡವರಲ್ಲಿ ವರ್ಷದ ನಂತರ ಬಿಟ್ಟವರು 13.6%, ಬರೀ ಅಂಕಿ ಕೇಳಿದವರಲ್ಲಿ 6.4%.

ವಾರ್ಡ್_ಸಿಸ್ಟರ್
ಗಾಳಿಪಟ ಅವರೇ, ಪ್ರಯೋಜನ ಚಿಕಿತ್ಸೆಯಲ್ಲೂ ಇದೆ. ಸಿಒಪಿಡಿ ಅಂದ್ಕೊಂಡು ಇನ್‌ಹೇಲರ್ ಎಳೀತಿದ್ದವರಿಗೆ ಹೃದಯದ ತೊಂದರೆ ಇದ್ದದ್ದೂ ಉಂಟು. ಏದುಸಿರಿಗೆಲ್ಲ ಶ್ವಾಸಕೋಶವೇ ಕಾರಣ ಅಂತ ಯಾರು ಹೇಳಿದ್ದು?

ಗಾಳಿಪಟ
ಸರಿಯಪ್ಪ, ಮಾಡಿಸಿ. ನಾನು ಮಾತ್ರ 97 ಬಂದ್ರೆ ಮಲಗಿ ನಿದ್ದೆ ಮಾಡ್ತೀನಿ.

ಅವಸರದ_ಅನು
ಇಲ್ಲೇ ಕೇಳಿಬಿಡ್ತೀನಿ. ಮಗನಿಗೆ ನಾಲ್ಕು ವರ್ಷ, ನೆಗಡಿ ಆದಾಗೆಲ್ಲ ಎದೆ ಸುಯ್ ಅನ್ನುತ್ತೆ. ಪೀಕ್ ಫ್ಲೋ ಕೊಟ್ರೆ ಪೀಪಿ ಥರ ಊದ್ತಾನೆ, ಒಂದು ಸಲ ಇದ್ದದ್ದು ಇನ್ನೊಂದು ಸಲ ಇಲ್ಲ.

ಊದಿಸೋಳು
ನಾಲ್ಕಕ್ಕೆ ಅದು ಬೇಡ ಅನು, ಅಂಕಿಗೆ ಅರ್ಥ ಇರಲ್ಲ. ಐದಾರು ವರ್ಷ ಆದ ಮೇಲೆ ಹೆಚ್ಚಿನ ಮಕ್ಕಳು ಹೇಳಿಕೊಟ್ಟ ಹಾಗೆ ಊದ್ತಾರೆ. ಅಲ್ಲೀವರೆಗೆ ಆಸಿಲೋಮೆಟ್ರಿ ಅಂತ ಒಂದಿದೆ, ಇರೋ ಕಡೆ ಕೇಳಿ ನೋಡಿ. ಜೋರಾಗಿ ಊದೋದೇ ಬೇಡ. ಕೊಳವೆ ಬಾಯಲ್ಲಿಟ್ಟುಕೊಂಡು ಮಾಮೂಲಿ ಉಸಿರಾಡ್ತಿದ್ರೆ ಸಾಕು, ಯಂತ್ರ ಸಣ್ಣ ಗಾಳಿಯ ಅಲೆ ಕಳಿಸಿ ದಾರಿ ಎಷ್ಟು ಬಿಗಿ ಇದೆ ಅಂತ ನೋಡುತ್ತೆ. ಕೆನ್ನೆ ನಾವೇ ಹಿಡ್ಕೋತೀವಿ. ಮನೇಲಿ ನೀವು ಮಾಡಬೇಕಾದ್ದು: ಸುಯ್ ಅಂದಾಗ ಮೊಬೈಲಲ್ಲಿ ಅಂಗಿ ತೆಗೆದ ಎದೆಯ ವಿಡಿಯೋ ಮಾಡಿ ಇಟ್ಕೊಳ್ಳಿ. ಡಾಕ್ಟ್ರ ಹತ್ರ ಹೋದ ದಿನ ಅವನು ಖಂಡಿತ ಚೆನ್ನಾಗೇ ಇರ್ತಾನೆ.

ಅವಸರದ_ಅನು
ಕ್ಲಿಪ್ಪು ನೋಡಿದ್ರೇ ಅಳ್ತಾನೆ, ಏನು ಮಾಡೋದು?

ಊದಿಸೋಳು
ಮೊದಲು ನಿಮ್ಮ ಮೂಗಿಗೆ ಹಾಕ್ಕೊಂಡು ಮಾತಾಡಿ ತೋರಿಸಿ, ನಗ್ತಾನೆ. ಆಗಲೂ ಅತ್ರೆ ಅವತ್ತಿಗೆ ಬಿಟ್ಟು ಇನ್ನೊಂದು ದಿನ ಬನ್ನಿ.